ಹಳೇ ಹಂಚಿನ ಮನೆ: ಬಣ್ಣದ ಡಬ್ಬಿ ತೆರೆಯುವ ಮೊದಲು

ಪ್ರೀತಿಯ ಗೆಳೆಯಾ,

ಈ ಶನಿವಾರದಿಂದಲೇ ಜಗಲಿಯ ಗೋಡೆಗೆ ಬಣ್ಣ ಹೊಡೆಯಲು ಶುರು ಮಾಡುತ್ತೇನೆ ಅಂತ ಬರೆದಿದ್ದೀಯ. ಬೇಡ ಮಾರಾಯ, ಡಬ್ಬಿ ಹಾಗೇ ಮುಚ್ಚಿಡು. ಅಜ್ಜನ ಕಾಲದ ಆ ಮನೆಗೆ ಮೊದಲ ಶತ್ರು ನೀರು. ಅದು ಮಾಡಿನಿಂದ, ಅಂದರೆ ಹಂಚಿನ ಛಾವಣಿಯಿಂದ, ಇಳಿಯುತ್ತದೆ, ಇಲ್ಲವೇ ಅಡಿಪಾಯದಿಂದ ಏರುತ್ತದೆ. ಎರಡು ದಾರಿಯನ್ನೂ ಮುಚ್ಚದೆ ಬಳಿದ ಬಣ್ಣ ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಏಳುತ್ತದೆ. ಶಿವರಾತ್ರಿ ಈಗಷ್ಟೇ ಮುಗಿದಿದೆ. ತೀರ್ಥಹಳ್ಳಿಯ ಕಡೆ ಮಳೆ ಹಿಡಿಯುವುದರೊಳಗೆ ನಿನಗೆ ಹನ್ನೆರಡು ವಾರಾಂತ್ಯವಾದರೂ ಸಿಗುತ್ತದೆ. ಮಾಡು, ಅಂಗಳ, ಗೋಡೆ, ಕೊನೆಗೆ ಬಣ್ಣ, ಈ ಕ್ರಮ ತಪ್ಪಿಸಬೇಡ.

ಹಂಚು ಕೈಯಾಡಿಸುವ ಮೊದಲು ಒಂದು ನಡುಮಧ್ಯಾಹ್ನ ಅಟ್ಟ ಹತ್ತು. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ತಲೆಯೆತ್ತಿ ನೋಡಿದರೆ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆಗಳು ಕಾಣುತ್ತವೆ. ಒಂದೊಂದರ ಕೆಳಗೂ ರೀಪಿನ (ಹಂಚು ಕೂರುವ ಅಡ್ಡಪಟ್ಟಿಯ) ಮೇಲೆ ಸೀಮೆಸುಣ್ಣದಿಂದ ಗುರುತು ಹಾಕು. ಹನಿ ಬೀಳುವ ಜಾಗದ ನೇರ ಮೇಲೆ ಒಡಕು ಹುಡುಕಿದರೆ ಸಿಗುವುದು ಅಪರೂಪ. ನೀರು ಪಕಾಸು (ರೀಪನ್ನು ಹೊರುವ ಇಳಿಜಾರಿನ ಮರ) ಹಿಡಿದು ಮೂರ್ನಾಲ್ಕು ಅಡಿ ಇಳಿದು ಆಮೇಲೆ ತೊಟ್ಟಿಕ್ಕುತ್ತದೆ. ಒಡಕು ಯಾವಾಗಲೂ ಏರಿನ ಕಡೆಗಿರುತ್ತದೆ.

ಒಂದೆರಡು ಹಂಚು ಬದಲಿಸಲು ಮಾಡು ಹತ್ತಲೇಬೇಕೆಂದಿಲ್ಲ. ಪ್ರತಿ ಹಂಚಿನ ಬೆನ್ನಿಗೂ ಎರಡು ಮೊಳೆಯಂಥ ಉಬ್ಬುಗಳಿವೆ, ಅವು ರೀಪಿಗೆ ನೇತುಬಿದ್ದಿರುತ್ತವೆ. ಒಳಗಿನಿಂದಲೇ ಮೇಲಿನ ಸಾಲಿನ ಹಂಚನ್ನು ಸ್ವಲ್ಪ ಎತ್ತಿ ಹಿಡಿದು, ಒಡೆದದ್ದನ್ನು ಮೇಲಕ್ಕೆ ತಳ್ಳಿ ಬಿಡಿಸಿ, ಹೊಸದನ್ನು ಅದೇ ದಾರಿಯಲ್ಲಿ ಕೂರಿಸಬಹುದು. ಹತ್ತಲೇಬೇಕಾದರೆ ಬೆಳಿಗ್ಗೆ ಹೊತ್ತಿನಲ್ಲಿ ಏರು, ಪಾಚಿ ಪೂರ್ತಿ ಒಣಗಿರಬೇಕು. ಏಣಿಯೊಂದನ್ನು ಇಳಿಜಾರಿಗೆ ಮಲಗಿಸಿ ಮೇಲಕ್ಕೆ ಹಗ್ಗದಿಂದ ಬಿಗಿದು ಅದರ ಮೇಲೇ ಕಾಲಿಡು. ಕೆಳಗೆ ಏಣಿ ಹಿಡಿಯಲು ಒಬ್ಬರು ಇರಲೇಬೇಕು. ಪಾಚಿಯನ್ನು ತಂತಿ ಬ್ರಷ್ಷಿನಿಂದ ಮೇಲಿಂದ ಕೆಳಕ್ಕೆ ಉಜ್ಜು. ವಾಹನ ತೊಳೆಯುವ ಪ್ರೆಷರ್ ಪಂಪ್ ತರಬೇಡ, ಅದು ಹಂಚಿನ ಮೈ ಕಿತ್ತು ಹಾಕುವುದಲ್ಲದೆ ಜೋಡಣೆಯ ಸಂದಿನಿಂದ ನೀರನ್ನು ಒಳಗೂ ನುಗ್ಗಿಸುತ್ತದೆ.

ಹೊಸ ಹಂಚು ಕೊಳ್ಳುವಾಗ ಬಹಳ ಜನ ಎಡವುತ್ತಾರೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ನೋಡಲು ಎಲ್ಲ ಹಂಚೂ ಒಂದೇ, ಆದರೆ ಒಂದರ ಅಂಚಿನ ಕಾಲುವೆ (ಹಂಚುಗಳು ಒಂದಕ್ಕೊಂದು ಸಿಕ್ಕಿಕೊಳ್ಳುವ ತೋಡು) ಇನ್ನೊಂದರ ಕಾಲುವೆಗೆ ಕೂರುವುದಿಲ್ಲ. ಕೂದಲೆಳೆಯಷ್ಟು ಸಂದು ಉಳಿದರೂ ಗಾಳಿಮಳೆಗೆ ಎರಚಲು ಒಳಗೆ ಬರುತ್ತದೆ. ನಿಮ್ಮ ಹಂಚಿನ ಮೇಲಿನ ಕಾರ್ಖಾನೆಯ ಅಚ್ಚು ನೋಡಿ, ಅದೇ ಅಚ್ಚಿನದನ್ನು ಹಳೇ ಸಾಮಾನಿನ ಅಂಗಡಿಯಲ್ಲಿ ಹುಡುಕು. ನೂರು ಚದರಡಿಗೆ ಸುಮಾರು 140 ಹಂಚು ಬೇಕು. ಬೆರಳಗೆಣ್ಣಿನಿಂದ ತಟ್ಟಿದರೆ ಠಣ್ ಅನ್ನಬೇಕು, ಬದ್ ಅಂದರೆ ಒಳಗೇ ಸೀಳಿದೆ ಅಂತ ಅರ್ಥ. ಅನುಮಾನವಿದ್ದರೆ ಒಂದು ಹಂಚಿನ ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ ನೀರು ತುಂಬಿಸಿ ಆರು ಗಂಟೆ ಬಿಡು, ಅಡಿಯಲ್ಲಿ ಹನಿ ಮೂಡಬಾರದು. ಮೂವತ್ತು ಹಂಚು ಹೆಚ್ಚಿಗೆ ತಂದು ಹಿತ್ತಲಲ್ಲಿ ಅಂಚಿನ ಮೇಲೆ ನಿಲ್ಲಿಸಿಡು. ಹಂಚು ಒಡೆಯುವ ಮಂಗಗಳು ನಿಮ್ಮೂರು ಬಿಟ್ಟು ಹೋಗುವುದಿಲ್ಲವಲ್ಲ.

ಹಂಚು ಇಳಿಸಿದಾಗಲೇ ರೀಪು, ಪಕಾಸುಗಳನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡು. ಮೆತ್ತಗೆ ಇಳಿದರೆ ಆ ತುಂಡು ತೆಗೆಸು. ಹೊಸ ರೀಪು ಹೊಡೆಯುವಾಗ ಅಂತರವನ್ನು ಪುಸ್ತಕ ನೋಡಿ ಇಡಬೇಡ. ನಿಮ್ಮದೇ ನಾಲ್ಕು ಹಂಚನ್ನು ಮಾಡಿನ ಮೇಲಿರುವಂತೆ ಒಂದಕ್ಕೊಂದು ಸಿಕ್ಕಿಸಿ ಸಾಲಾಗಿ ಕೂರಿಸಿ, ಒಂದರ ಉಬ್ಬಿನಿಂದ ಮುಂದಿನದರ ಉಬ್ಬಿಗೆ ಅಳೆ, ಹೆಚ್ಚುಕಡಿಮೆ 32 ಸೆಂಟಿಮೀಟರ್ ಬರುತ್ತದೆ. ಮರಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಎರಡು ಕೈ ಹಚ್ಚಿದರೆ ಗೆದ್ದಲು ಹತ್ತಿರ ಸುಳಿಯಲು ಹಿಂಜರಿಯುತ್ತದೆ. ಆದರೆ ಅದು ಚರ್ಮ ಸುಡುತ್ತದೆ, ಕೈಗವಸಿಲ್ಲದೆ ಮುಟ್ಟಬೇಡ. ನೆತ್ತಿಯ ಮೂಲೆ ಹಂಚುಗಳ ಸಂದಿಗೆ ಬರೀ ಸಿಮೆಂಟು ಮರಳು ಮೆತ್ತಿದರೆ ಎರಡು ಬೇಸಿಗೆಯಲ್ಲಿ ಸೀಳುತ್ತದೆ. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳು ಹಾಕಿಸು.

ಅಂಗಳದ ಕೆಲಸ ಎರಡು ದಿನದ್ದು. ವರ್ಷವರ್ಷ ಮಣ್ಣು ಹಾಕಿ ಹಾಕಿ ಅಂಗಳ ಏರಿ ಪಂಚಾಂಗದ, ಅಂದರೆ ಗೋಡೆ ಕೂತಿರುವ ಕಟ್ಟೆಯ, ಕಲ್ಲೇ ಹೂತಿರುತ್ತದೆ. ಗೋಡೆಯ ಪಕ್ಕದ ಮಣ್ಣನ್ನು ಪಂಚಾಂಗದ ಮೇಲ್ಮಟ್ಟಕ್ಕಿಂತ ಕನಿಷ್ಠ ಆರಿಂಚು ಕೆಳಗಿಳಿಸಿ, ಗೋಡೆಯಿಂದ ಹೊರಕ್ಕೆ ನಾಲ್ಕಡಿಗೆ ಒಂದಿಂಚಿನಷ್ಟು ಇಳಿಜಾರು ಕೊಡು. ಸೂರಿನ ನೀರು ಬೀಳುವ ಗೆರೆಯಲ್ಲಿ ಒಂದಡಿ ಅಗಲದ ಚರಂಡಿ ತೋಡಿ ಜಲ್ಲಿ ತುಂಬಿದರೆ ಕೆಸರು ಗೋಡೆಗೆ ಸಿಡಿಯುವುದಿಲ್ಲ.

ಇನ್ನು ಗೋಡೆ. ಕೆಳಗಿನ ಮೂರಡಿ ಪುಡಿಪುಡಿಯಾಗಿ ಬಿಳಿ ಉಪ್ಪು ಮೂಡಿದೆ ಅಂದೆಯಲ್ಲ, ಅದು ಮಣ್ಣಿನ ಗೋಡೆಗೆ ಸಿಮೆಂಟು ಗಾರೆ ಹೊಡೆಸಿದ ಫಲ. ನೆಲದಿಂದ ಏರಿದ ತೇವ ಮಣ್ಣಿನಲ್ಲೂ ಸುಣ್ಣದಲ್ಲೂ ಹಾಗೇ ಆರಿಹೋಗುತ್ತದೆ. ಸಿಮೆಂಟು ಅದನ್ನು ಒಳಗೇ ಕೂಡಿಹಾಕುತ್ತದೆ, ತೇವ ಇನ್ನೂ ಮೇಲೇರುತ್ತದೆ. ಅದಕ್ಕೆ ಮೇಲೆ ಪುಟ್ಟಿ, ವಾಟರ್‌ಪ್ರೂಫ್ ಪೇಂಟು ಬಳಿಯುವುದೆಂದರೆ ಗಾಯದ ಕೀವು ತೆಗೆಯದೆ ಪಟ್ಟಿ ಕಟ್ಟಿದ ಹಾಗೆ. ತೇವದ ಗುರುತಿಗಿಂತ ಎರಡಡಿ ಮೇಲಿನವರೆಗೆ ಸಿಮೆಂಟನ್ನು ಚಾಣದಿಂದ ಮೆಲ್ಲಗೆ ಬಿಡಿಸು. ಉಪ್ಪನ್ನು ಒಣ ಬ್ರಷ್ಷಿನಿಂದ ಗುಡಿಸಿ ಹೊರಗೆ ಎಸೆ. ತೊಳೆದರೆ ಕರಗಿ ಮತ್ತೆ ಗೋಡೆಯೊಳಗೇ ಸೇರುತ್ತದೆ. ಮೇವರೆಗೂ ಗೋಡೆ ಬೆತ್ತಲೆಯಾಗಿಯೇ ಇರಲಿ, ನೋಡಲು ಚೆನ್ನಾಗಿರದಿದ್ದರೂ ಒಣಗಲಿ.

ಅಷ್ಟರಲ್ಲಿ ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿಡು. ನೀರಿಗೆ ಸುಣ್ಣ ಹಾಕಬೇಕು, ಸುಣ್ಣಕ್ಕೆ ನೀರು ಸುರಿಯಬಾರದು, ಕುದಿದು ಮುಖಕ್ಕೆ ಹಾರುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಪ್ಲಾಸ್ಟಿಕ್ ಬಕೆಟ್ ಆ ಶಾಖಕ್ಕೆ ಮೆತ್ತಗಾಗುತ್ತದೆ, ಕಬ್ಬಿಣದ ಡ್ರಮ್ಮು ತಗೋ. ಎರಡು ವಾರ ನೀರಿನಡಿಯಲ್ಲಿ ನೆನೆದ ಮೇಲೆ ಬೆಣ್ಣೆಯಂತಾದ ಸುಣ್ಣ ಒಂದು ಪಾಲಿಗೆ ಮರಳು ಮೂರು ಪಾಲು. ಗೋಡೆಗೆ ನೀರು ಚಿಮುಕಿಸಿ, ಒಂದೊಂದು ಪದರ ಒಂದು ಸೆಂಟಿಮೀಟರ್ ಮೀರದಂತೆ ಹಾಕು. ಏಳು ದಿನ ನೆರಳು, ತಂಪು ಎರಡೂ ಬೇಕು. ಅವಸರದಲ್ಲಿ ಬಿಸಿಲಿಗೆ ಒಣಗಿದರೆ ಬಲೆಯ ಹಾಗೆ ಬಿರುಕು ಬಿಡುತ್ತದೆ.

ಬಣ್ಣವೂ ಸುಣ್ಣದ್ದೇ ಇರಲಿ. ಹಾಲಿನಷ್ಟು ತೆಳ್ಳಗೆ ಕಲಸಿ ದಿನಕ್ಕೊಂದರಂತೆ ಮೂರು ಕೈ ಬಳಿ. ಬಳಿದಾಗ ಗೋಡೆಯೇ ಕಾಣುವಷ್ಟು ತೆಳುವಿದ್ದರೂ ಆರುತ್ತಾ ಬೆಳ್ಳಗಾಗುತ್ತದೆ. ಕಾಣುವುದಿಲ್ಲವೆಂದು ದಪ್ಪ ಮಾಡಿದರೆ ಚಕ್ಕೆ ಏಳುತ್ತದೆ, ಬೆನ್ನು ಒರಗಿದವರ ಅಂಗಿಗೂ ಹತ್ತುತ್ತದೆ.

ಬಾಗಿಲು ಕೀಸುವುದನ್ನು ಮಳೆಗಾಲದಲ್ಲಿ ಮಾಡಬೇಡ. ಉಬ್ಬಿದ ಮರ ಕೀಸಿದರೆ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಮೊದಲು ಕೀಲಿನ ಸ್ಕ್ರೂ ನೋಡು. ತೂತು ಸಡಿಲವಾಗಿದ್ದರೆ ಬಿದಿರು ಸೀಳು ಅಂಟು ಹಚ್ಚಿ ತುಂಬಿ, ಉದ್ದದ ಸ್ಕ್ರೂ ಬಿಗಿದರೆ ಎಷ್ಟೋ ಬಾಗಿಲು ತಾನಾಗಿ ನೆಟ್ಟಗಾಗುತ್ತದೆ. ಮರದ ಪಟ್ಟಿಯ ಹಳೇ ವೈರಿಂಗನ್ನು ಮಾತ್ರ ನೀನು ಮುಟ್ಟಬೇಡ. ಲೈಸೆನ್ಸ್ ಇರುವವರನ್ನು ಕರೆಸಿ ಅರ್ಥಿಂಗ್ ಮಾಡಿಸಿ ಕರೆಂಟು ಸೋರಿದರೆ ತಕ್ಷಣ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸು. ಹಂಚು ಸೋರುವ ಮನೆಯಲ್ಲಿ ಇದನ್ನು ಮುಂದೂಡುವಂತಿಲ್ಲ.

ಶನಿವಾರ ಅಟ್ಟ ಹತ್ತಿದಾಗ ಒಂದು ಹಂಚು ಬಿಚ್ಚಿ ಅದರ ಅಚ್ಚಿನ ಫೋಟೋ ಕಳಿಸು, ಜೊತೆಗೆ ಉದ್ದ ಅಗಲ ಅಳೆದು ಬರೆ. ಅದೇ ಅಚ್ಚಿನದು ಎಲ್ಲಿ ಸಿಗುತ್ತದೆಂದು ಇಲ್ಲಿ ವಿಚಾರಿಸಿಡುತ್ತೇನೆ.

ನಿನ್ನ
ಗೆಳೆಯ