ಮೊದಲು ಊಟವೋ, ಸಭೆಯೋ?

ಸಂಪಾದಕರಿಗೆ ನಮಸ್ಕಾರ.

ಕಳೆದ ತಿಂಗಳು ಮಗಳ ಕಾಲೇಜಿನಿಂದ ಪೋಷಕರಿಗೆ ಒಂದು ಸುತ್ತೋಲೆ ಬಂತು, ಪೂರ್ತಿ ಇಂಗ್ಲಿಷಿನಲ್ಲಿ. ಮಧ್ಯಾಹ್ನ 2 ಗಂಟೆಗೆ ಸಭೆ, 'ಪ್ರಿಸೀಡೆಡ್ ಬೈ ಲಂಚ್' ಅಂತ ಇತ್ತು. ಸಭೆ ಮುಗಿದ ಮೇಲೆ ಊಟ ಅಂದುಕೊಂಡು ನಾವು ಸುಮಾರು ಜನ ಸರಿಯಾಗಿ 2ಕ್ಕೆ ಹೋದೆವು. ಅಷ್ಟರಲ್ಲಿ ಊಟ ಮುಗಿದೇ ಹೋಗಿತ್ತು. ಬೆಳಗ್ಗೆಯೇ ಬಸ್ಸು ಹತ್ತಿ ದೂರದ ಹಳ್ಳಿಯಿಂದ ಬಂದಿದ್ದ ಹಿರಿಯರೊಬ್ಬರು ಸಂಜೆವರೆಗೂ ಖಾಲಿ ಹೊಟ್ಟೆಯಲ್ಲೇ ಕೂತಿದ್ದರು. ನೋಡಿ ತುಂಬಾ ಬೇಜಾರಾಯಿತು, ಅದಕ್ಕೇ ಈ ಪತ್ರ.

ಪ್ರಿಸೀಡ್ ಅಂದರೆ ಇನ್ನೊಂದಕ್ಕಿಂತ ಮೊದಲು ಬರುವುದು. 'ಮುಂಚೆ' ಮತ್ತು 'ಹೋಗು' ಅನ್ನುವ ಎರಡು ಲ್ಯಾಟಿನ್ ಪದ ಸೇರಿ ಆದದ್ದು. ಅರ್ಥ ಇಷ್ಟೇ. ಆದರೆ 'ಬೈ' ಸೇರಿಸಿ ವಾಕ್ಯ ತಿರುಗಿಸಿದಾಗ ಆಮೇಲೆ ನಡೆಯುವ ಸಭೆಯ ಹೆಸರು ಮೊದಲು ಬರುತ್ತದೆ, ಮೊದಲು ನಡೆಯುವ ಊಟದ ಹೆಸರು ಕೊನೆಗೆ. ಬರೆದ ಕ್ರಮದಲ್ಲೇ ನಡೆಯುತ್ತದೆ ಅಂತ ಓದುವವರು ಅಂದುಕೊಳ್ಳುವುದು ಸಹಜ ಅಲ್ವಾ? ಜೊತೆಗೆ ಪ್ರೊಸೀಡ್ ಅಂತ ಇನ್ನೊಂದಿದೆ, ಅದು ಮುಂದುವರಿಯುವುದು. ಕೇಳುವಾಗ ಎರಡೂ ಹೆಚ್ಚುಕಡಿಮೆ ಒಂದೇ ಥರ, ಆದರೆ ಅರ್ಥವೂ ಸ್ಪೆಲಿಂಗೂ ಬೇರೆ. ಇದೇ ಲ್ಯಾಟಿನ್ ಬೇರಿನ ಪದಗಳ ಪೈಕಿ ಪ್ರೊಸೀಡ್, ಎಕ್ಸೀಡ್, ಸಕ್ಸೀಡ್ ಈ ಮೂರರಲ್ಲೇ ಕೊನೆಯ 'ಸೀಡ್‌'ಗೆ ಜೋಡಿ 'ಇ' ಬರುವುದು, ಪ್ರಿಸೀಡ್‌ನಲ್ಲಿ ಇಲ್ಲ.

ನಮಗೆ ಕನ್ನಡದಿಂದಲೂ ಒಂದು ತೊಡಕಿದೆ. ಮೆರವಣಿಗೆಯಲ್ಲಿ ಡೊಳ್ಳಿನವರು ಮುಂದೆ ಅಂದರೆ ಅವರೇ ಮೊದಲು. ಪರೀಕ್ಷೆ ಮುಂದಕ್ಕೆ ಹೋಯಿತು ಅಂದರೆ ತಡವಾಯಿತು ಅಂತ! ಹಾಗಾಗಿ ಪ್ರಿಸೀಡ್‌ಗೆ 'ಮುಂದೆ ಹೋಗು' ಅಂತ ಸುಮ್ನೆ ಬರೆಸಿದರೆ ಮಕ್ಕಳಿಗೆ ಗೊಂದಲ ಜಾಸ್ತಿ ಆಗುತ್ತದೆ. 'ಮುಂಚೆ ಬರು' ಅಂತ ಹೇಳಿಕೊಡಿ. ಹಿಂಗಾರಿಗಿಂತ ಮುಂಚೆ ಬರುವ ಮಳೆ ಮುಂಗಾರು, ಪುಸ್ತಕಕ್ಕೆ ಮುಂಚೆ ಬರುವ ಮಾತು ಮುನ್ನುಡಿ, ಕೆಲಸಕ್ಕೆ ಮುಂಚೆ ಕೊಡುವ ದುಡ್ಡು ಮುಂಗಡ. ಇಷ್ಟು ಹೇಳಿದರೆ ಯಾವ ಮಗುವೂ ಮರೆಯುವುದಿಲ್ಲ.

ಇದೇ ಬೇರಿನ 'ಪ್ರಿಸಿಡೆಂಟ್' ಪತ್ರಿಕೆಯಲ್ಲಿ ಆಗಾಗ ಕಾಣುತ್ತದೆ. ಮೊದಲು ಬಂದ ತೀರ್ಪು ಆಮೇಲಿನ ಪ್ರಕರಣಗಳಿಗೆ ದಾರಿಯಾಗುವುದು ಅಂತ ಅರ್ಥ. ಅದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 1989ರಲ್ಲಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರ ವಜಾ ಆಯಿತು. ಬಹುಮತ ಇದೆಯೋ ಇಲ್ಲವೋ ಅನ್ನುವುದು ಸದನದಲ್ಲೇ ತೀರ್ಮಾನ ಆಗಬೇಕು ಅಂತ 1994ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ಹೇಳಿತು. ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ಇವತ್ತಿಗೂ ವಕೀಲರು ಆ ತೀರ್ಪನ್ನೇ ಎತ್ತಿ ಹಿಡಿಯುತ್ತಾರೆ. ಇದನ್ನು 'ಪೂರ್ವನಿದರ್ಶನ' ಅಂತ ಬರೆಯುತ್ತೀರಿ, ಒಳ್ಳೆಯದೇ. ಆದರೆ ಪಕ್ಕದಲ್ಲಿ 'ಮೊದಲೇ ಬಂದಿರುವ ತೀರ್ಪು' ಅಂತ ಸೇರಿಸಿದರೆ ನಮ್ಮಮ್ಮನಂಥ ಓದುಗರಿಗೂ ತಿಳಿಯುತ್ತದೆ.

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಇಂಥ ಪದಗಳನ್ನು ವಾರಕ್ಕೊಂದರಂತೆ ಬಿಡಿಸಿ ಹೇಳಿ, ದಯವಿಟ್ಟು. ಕಾಲೇಜಿನವರಲ್ಲಿ ನಾನು ಕೇಳುವುದು ಒಂದೇ ಸಾಲು, ಅದೂ ಕನ್ನಡದಲ್ಲಿ: '1 ಗಂಟೆಗೆ ಊಟ, 2 ಗಂಟೆಗೆ ಸಭೆ.'

ಇಂತಿ,
ಒಬ್ಬ ಪೋಷಕರು, ತುಮಕೂರು