ಭಾನುವಾರದ ಚರ್ಚೆ: ವಿಲೀನದ ನಂತರ ಬ್ಯಾಂಕ್‌ಗಳ ಲಾಭ

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಬೆಳಿಗ್ಗೆ 10.30ಕ್ಕೆ ನಮ್ಮ ಆನ್‌ಲೈನ್ ಚರ್ಚೆ ಇದೆ. ಬ್ಯಾಂಕ್‌ಗಳು ಒಂದಾದ ಮೇಲೆ ಲಾಭವೂ ಕೆಲಸವೂ ನಿಜವಾಗಿ ಸುಧಾರಿಸುತ್ತವಾ ಅನ್ನೋದೇ ವಿಷಯ. ಪ್ರಾಜೆಕ್ಟ್ ಬರೆಯುತ್ತಿರುವವರು ತಪ್ಪದೆ ಬನ್ನಿ.

ಮೊದಲು ಒಂದು ಬ್ಯಾಂಕ್ ಆರಿಸಿಕೊಳ್ಳಿ. ಬ್ಯಾಂಕ್ ಆಫ್ ಬರೋಡಾ (ವಿಲೀನ 2019ರಲ್ಲಿ) ಅಥವಾ ಕೆನರಾ (2020ರಲ್ಲಿ) ಆಗಬಹುದು. ವಿಲೀನಕ್ಕೆ ಮೂರು ವರ್ಷ ಹಿಂದಿನ, ಮೂರು ವರ್ಷ ಮುಂದಿನ ವಾರ್ಷಿಕ ವರದಿ ತೆಗೆದು ನಿವ್ವಳ ಲಾಭ, ವೆಚ್ಚ-ಆದಾಯ ಅನುಪಾತ (ಆದಾಯದಲ್ಲಿ ಖರ್ಚಿಗೆ ಹೋಗುವ ಪಾಲು), ಎನ್‌ಪಿಎ (ವಸೂಲಾಗದೆ ಉಳಿದ ಸಾಲ) ಬರೆದುಕೊಳ್ಳಿ. ಇಷ್ಟು ಸಾಕು.

ಒಂದು ಮಾತು ದಯವಿಟ್ಟು ಗಮನಿಸಿ. ಹಿಂದಿನ ವರ್ಷಗಳ ಲೆಕ್ಕಕ್ಕೆ ಸೇರ್ಪಡೆಯಾದ ಬ್ಯಾಂಕಿನ ಅಂಕಿಯನ್ನೂ ಕೂಡಿಸಲೇಬೇಕು. ಎಸ್‌ಬಿಐ ನೋಡಿ. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಸೇರಿ ಐದು ಸಹವರ್ತಿ ಬ್ಯಾಂಕ್‌ಗಳು ಅದರೊಳಗೆ ಬಂದವು. 2016-17ರಲ್ಲಿ 10,484 ಕೋಟಿ ರೂ. ಲಾಭ, ಮರುವರ್ಷ 6,547 ಕೋಟಿ ರೂ. ನಷ್ಟ. ಸುಮ್ನೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ವಿಲೀನದಿಂದಲೇ ಹೀಗಾಯ್ತು ಅನ್ನಿಸುತ್ತೆ, ಅಲ್ವಾ? ಆದರೆ ಮೊದಲನೆಯ ಅಂಕಿಯಲ್ಲಿ ಸಹವರ್ತಿ ಬ್ಯಾಂಕ್‌ಗಳ ಲೆಕ್ಕವೇ ಇಲ್ಲ. ಜೊತೆಗೆ, ವಸೂಲಾಗದ ಸಾಲಕ್ಕೆಂದು ತೆಗೆದಿಟ್ಟ ಹಣವೇ ಆ ವರ್ಷ ಲಾಭವನ್ನು ಜಾಸ್ತಿ ತಿಂದಿತು. ನನಗಂತೂ ಇಡೀ ವಿಷಯದಲ್ಲಿ ಇದೇ ಮುಖ್ಯ ಅನ್ನಿಸುತ್ತೆ.

ಕೆನರಾ ತೆಗೆದುಕೊಳ್ಳುವವರು ಕೋವಿಡ್ ವರ್ಷವನ್ನೂ ನೆನಪಿಡಿ; ಅಂಕಿಗಳ ಏರಿಳಿತಕ್ಕೆ ವಿಲೀನದ ಜೊತೆ ಅದೂ ಕಾರಣವಾಗಿರಬಹುದು.

ಯಾವ ಬ್ಯಾಂಕ್ ಅಂತ ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ. ಒಂದೇ ಬ್ಯಾಂಕನ್ನು ಇಬ್ಬರು ಆರಿಸಿದರೆ ಜೊತೆಗೂಡಿ ಮಾಡಿ. ವರದಿ ಸಿಗದವರು ಕೇಳಿ, ಕಳಿಸುತ್ತೇನೆ.