ರಮೇಶನೂ ರಾಮಕ್ಕನೂ ಒಂದೇ ಎನ್ನುವ ಲೆಕ್ಕ

ಸಂಪಾದಕರೇ,

ಪಡಿತರ ಚೀಟಿ, ಪಹಣಿ, ಬ್ಯಾಂಕ್ ಖಾತೆಗಳಲ್ಲಿರುವ ಹೆಸರನ್ನು ಆಧಾರ್‌ನೊಂದಿಗೆ ತಾಳೆ ನೋಡುವ ಕೆಲಸ ಈಗ ತಂತ್ರಾಂಶದ ಪಾಲಿಗೆ ಬಂದಿದೆ. ‘ಹೆಸರು ಹೊಂದಿಕೆಯಾಗುತ್ತಿಲ್ಲ’ ಎಂದು ಅರ್ಜಿ ವಾಪಸಾದರೆ ತಪ್ಪು ಅರ್ಜಿದಾರರದೇ ಎಂದುಕೊಳ್ಳುತ್ತೇವೆ. ಹೋಲಿಸುವ ಸೂತ್ರವೇ ಸರಿಯಿದೆಯೇ ಎಂದು ಕೇಳುವವರು ಕಡಿಮೆ.

ಇಂಥ ಹೋಲಿಕೆಗೆ ಬಳಸುವ ಲೆವೆನ್‌ಸ್ಟೈನ್ ವಿಧಾನವು ಒಂದು ಹೆಸರನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಸೇರಿಸಬೇಕು, ಅಳಿಸಬೇಕು, ಬದಲಿಸಬೇಕು ಎಂದು ಎಣಿಸುತ್ತದೆ. ಎಣಿಕೆ ಇಂಗ್ಲಿಷ್ ಲಿಪಿಯಲ್ಲಿ ನಡೆದರೆ ಎಡವಟ್ಟು ಶುರು. ಲಕ್ಷ್ಮಿಯನ್ನು ಒಬ್ಬ ಆಪರೇಟರ್ ‘ಕೆ ಎಸ್ ಎಚ್’ ಹಾಕಿ ಟೈಪಿಸುತ್ತಾನೆ, ಇನ್ನೊಬ್ಬ ‘ಎಕ್ಸ್’ ಹಾಕಿ. ಒಬ್ಬಳೇ ಹೆಂಗಸು, ಅಂತರ 3. ರಮೇಶನಿಗೂ ರಾಕೇಶನಿಗೂ ಇರುವ ಅಂತರ ಬರೀ 1! ಅಂತರ 2ರವರೆಗೆ ಒಪ್ಪಬಹುದು ಎಂದು ಮಿತಿಯಿಟ್ಟರೆ ಲಕ್ಷ್ಮಿ ಹೊರಗೆ, ರಾಕೇಶ ರಮೇಶನ ಖಾತೆಯೊಳಗೆ. ಉಚ್ಚಾರ ನೋಡುವ ಸೌಂಡೆಕ್ಸ್ ಬಳಸಿದರಾಯಿತು ಎನ್ನುವವರಿದ್ದಾರೆ. ಅದು ಲಕ್ಷ್ಮಿಯನ್ನೇನೋ ಉಳಿಸುತ್ತದೆ. ಆದರೆ 1918ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ವಿಧಾನದಿಂದ ಬೆಳೆದ ಆ ಸೂತ್ರ ಮೊದಲಕ್ಷರದ ನಂತರದ ಸ್ವರಗಳನ್ನೆಲ್ಲ ಕೈಬಿಟ್ಟು, ‘ಎಸ್’, ‘ಕೆ’ ಎರಡಕ್ಕೂ ಒಂದೇ ಅಂಕಿ ಕೊಡುವುದರಿಂದ ರಮೇಶನಿಗೂ ರಾಮಕ್ಕನಿಗೂ ‘ಆರ್ 520’ ಎಂಬ ಒಂದೇ ಸಂಕೇತ ಕೊಡುತ್ತದೆ.

ಕನ್ನಡದ ಹೆಸರಿಗೆ ಕನ್ನಡದ ನಿಯಮ ಬೇಕು. ಹೋಲಿಸುವ ಮುನ್ನ ಎರಡೂ ಹೆಸರನ್ನು ಒಂದು ರೂಪಕ್ಕೆ ತರಬೇಕು. ಸಾವಿತ್ರಿಗೆ ‘ಟಿ’ ಹಾಕಿದರೂ ‘ಟಿ ಎಚ್’ ಹಾಕಿದರೂ ಒಂದೇ, ‘ವಿ’ಯೂ ‘ಡಬ್ಲ್ಯು’ವೂ ಒಂದೇ, ಬಸವರಾಜನ ಕೊನೆಯ ‘ಎ’ ಇದ್ದರೂ ಬಿಟ್ಟರೂ ಒಂದೇ. ಇನಿಷಿಯಲ್ಲನ್ನು ಬೇರ್ಪಡಿಸಿ ನೋಡಬೇಕು. ಅದು ತಂದೆಯದೋ ಊರಿನದೋ ತಂತ್ರಾಂಶಕ್ಕೆ ತಿಳಿಯದು. ಮದುವೆಯ ನಂತರ ಒಂದು ದಾಖಲೆಯಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು ಇರುವ ಹೆಣ್ಣುಮಕ್ಕಳು ಸಿಕ್ಕಿಬೀಳುವುದು ಇಲ್ಲೇ. ಹಾಗಾಗಿ ಪರೀಕ್ಷಾ ವರದಿಯಲ್ಲಿ ‘ಒಟ್ಟು ನಿಖರತೆ ಶೇ 98’ ಎಂದು ಬರೆದು ಕೈತೊಳೆದುಕೊಳ್ಳಬಾರದು. ಹೆಂಗಸರ ಹೆಸರಲ್ಲಿ ಎಷ್ಟು ತಪ್ಪಿತು, ಮುಸ್ಲಿಮರ ಹೆಸರಲ್ಲಿ ಎಷ್ಟು (ಮೊಹಮ್ಮದ್ ಎಂದು ಬರೆಯುವ ಬಗೆ ಒಂದೆರಡಲ್ಲ), ಬೆಳಗಾವಿ, ಬೀದರ್‌ನಂಥ ಗಡಿ ಜಿಲ್ಲೆಗಳಲ್ಲಿ ಎಷ್ಟು ಎಂದು ಬೇರೆ ಬೇರೆಯಾಗಿ ಎಣಿಸಬೇಕು.

ಮಿತಿ ಎಲ್ಲಿರಬೇಕೆಂದು ಗಣಿತ ಹೇಳುವುದಿಲ್ಲ. ಸಡಿಲಿಸಿದರೆ ಅನರ್ಹರು ನುಸುಳುತ್ತಾರೆ, ಬಿಗಿದರೆ ಅರ್ಹರ ಅಕ್ಕಿ ನಿಲ್ಲುತ್ತದೆ. ಯಾವ ತಪ್ಪನ್ನು ಎಷ್ಟು ತಾಳಿಕೊಳ್ಳಬಹುದು ಎಂಬುದನ್ನು ಗುತ್ತಿಗೆ ಕಂಪನಿಯ ಪ್ರೋಗ್ರಾಮರ್‌ಗೆ ಬಿಡದೆ ಇಲಾಖೆಯೇ ನಿರ್ಧರಿಸಿ ಆದೇಶದಲ್ಲಿ ಪ್ರಕಟಿಸಬೇಕು. ಪಕ್ಕದ ತೆಲಂಗಾಣದಲ್ಲಿ 2016ರಿಂದ ಕಂಪ್ಯೂಟರ್ ಲೆಕ್ಕದ ಮೇಲೆ ರದ್ದಾಗಿದ್ದ ಸುಮಾರು 19 ಲಕ್ಷ ಪಡಿತರ ಚೀಟಿಗಳ ಸ್ಥಳ ಪರಿಶೀಲನೆ ನಡೆಸುವಂತೆ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಅಷ್ಟು ಚೀಟಿಗಳಲ್ಲಿ ಶೇ 2ರಷ್ಟು ತಪ್ಪಾಗಿದ್ದರೂ 38 ಸಾವಿರ ಮನೆಗಳಾಗುತ್ತವೆ.

ತಂತ್ರಾಂಶ ಕೊಡುವ ಉತ್ತರ ಮೂರಿರಲಿ: ಹೊಂದಿದೆ, ಹೊಂದಿಲ್ಲ, ಅನುಮಾನವಿದೆ. ಅನುಮಾನದ್ದು ಗ್ರಾಮ ಆಡಳಿತಾಧಿಕಾರಿಯ ಕೈಗೆ ಹೋಗಲಿ. ‘ಹೊಂದಿಲ್ಲ’ ಎಂದಾಗಲೂ ಯಾವ ಎರಡು ದಾಖಲೆಗಳಲ್ಲಿ ಏನು ಬೇರೆಯಾಯಿತೆಂದು ಕನ್ನಡದಲ್ಲಿ ನೋಟಿಸ್ ಕೊಟ್ಟು, ವಿಚಾರಣೆ ಮುಗಿಯುವವರೆಗೆ ಪಡಿತರ ನಿಲ್ಲಿಸದಿರಲಿ. ಇವನ್ನೆಲ್ಲ ಟೆಂಡರ್ ಷರತ್ತಿನಲ್ಲೇ ಸೇರಿಸುವುದು ಜಾಣತನ. ತಂತ್ರಾಂಶ ಸಿದ್ಧವಾದ ಮೇಲೆ ಕೇಳಿದರೆ ಅದಕ್ಕೆ ಬೇರೆಯೇ ಬಿಲ್ಲು ಬರುತ್ತದೆ.

— ತಂತ್ರಾಂಶ ಪರೀಕ್ಷಕರು, ಮೈಸೂರು